ದರ ಗೊತ್ತು, ಲೆಕ್ಕ ಗೊತ್ತಿಲ್ಲ: ಕ್ರಿಪ್ಟೊ ಇಟ್ಟುಕೊಂಡವರ ತೆರಿಗೆ ಪಾಡು

ಉಡುಪಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ

ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಎಂಬುದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. 2022ರ ಹಣಕಾಸು ಕಾಯಿದೆಯು ಆದಾಯ ತೆರಿಗೆ ಕಾಯಿದೆಗೆ 115ಬಿಬಿಎಚ್ ಎಂಬ ಕಲಂ ಸೇರಿಸಿತು. ಆ ವರ್ಷದ ಏಪ್ರಿಲ್ 1ರಿಂದ ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 31.2. ಜುಲೈ 1ರಿಂದ 194ಎಸ್ ಕಲಂ ಪ್ರಕಾರ ಮಾರಾಟದ ಮೊತ್ತದಲ್ಲಿ ಶೇ 1 ಟಿಡಿಎಸ್ ಹಿಡಿಯುವುದು ಶುರುವಾಯಿತು. ಇಲ್ಲಿಯವರೆಗೆ ಎಲ್ಲ ಸ್ಪಷ್ಟ. ದರ ಜಾಸ್ತಿಯಾಯಿತು ಎಂದು ಇವತ್ತು ನಾನು ವಾದಿಸುವುದಿಲ್ಲ. ತೆರಿಗೆ ಕಟ್ಟುತ್ತೇನೆ ಎಂದು ಪ್ರಾಮಾಣಿಕವಾಗಿ ಹೊರಟವನು ಯಾವ ಮೊತ್ತದ ಮೇಲೆ ಕಟ್ಟಲಿ ಎಂದು ಕೇಳಿದರೆ ಕಾಯಿದೆ ಹಲವು ಕಡೆ ಸುಮ್ಮನಿರುತ್ತದೆ. ನಾಳೆ ನೋಟಿಸ್ ಬಂದಾಗ ಮಾತ್ರ ಲೆಕ್ಕ ತಪ್ಪಿದವನು ಅವನೇ ಆಗುತ್ತಾನೆ. ನನ್ನ ತಕರಾರು ಇದರ ಬಗ್ಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಗೆ ಬಂದಿದೆ, ಅದರಲ್ಲಿ ಕಲಂಗಳ ಸಂಖ್ಯೆ ಬೇರೆ. ಆದರೆ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ 1961ರ ಕಾಯಿದೆಯೇ ಲೆಕ್ಕ. ಹಾಗಾಗಿ ನಿಮಗೆ ರೂಢಿಯಾದ ಹಳೆಯ ಸಂಖ್ಯೆಗಳನ್ನೇ ಹೇಳುತ್ತಾ ಹೋಗುತ್ತೇನೆ.

ಗೊಂದಲ 2022ರಲ್ಲಿ ಹುಟ್ಟಿದ್ದಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕ್ರಿಪ್ಟೊ ಜತೆ ವ್ಯವಹಾರ ಬೇಡ ಎಂದಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆ ನಡುವೆ ಕೊಂಡವರು, ಮಾರಿದವರು ಯಾವ ತಲೆಬರಹದಲ್ಲಿ ಆದಾಯ ತೋರಿಸಬೇಕು ಎಂದು ಯಾರೂ ಹೇಳಲಿಲ್ಲ. ಒಬ್ಬ ಸಿಎ ಬಂಡವಾಳ ಲಾಭ ಎಂದರೆ ಇನ್ನೊಬ್ಬರು ಇತರ ಮೂಲದ ಆದಾಯ ಎಂದರು. 2022ಕ್ಕಿಂತ ಹಿಂದಿನ ಮಾರಾಟ ಬಂಡವಾಳ ಲಾಭವೇ ಎಂದು ಜೋಧಪುರದ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಒಂದು ಪ್ರಕರಣದಲ್ಲಿ ಹೇಳುವಾಗ 2024 ಬಂದಿತ್ತು. ಉತ್ತರ ಸಿಗುವ ಹೊತ್ತಿಗೆ ರಿಟರ್ನ್ ತುಂಬಿ ವರ್ಷಗಳೇ ಕಳೆದಿದ್ದವು.

ಈಗ ಮೂಲದಿಂದ ಬರೋಣ. ದುಡ್ಡು ಬ್ಯಾಂಕ್ ಖಾತೆಗೆ ಬಂದರೆ ಮಾತ್ರ ತೆರಿಗೆ ಎಂದು ತುಂಬ ಜನ ತಿಳಿದಿದ್ದಾರೆ. ತಪ್ಪು ಶುರುವಾಗುವುದು ಇಲ್ಲಿಯೇ. ಬಿಟ್‌ಕಾಯಿನ್ ಕೊಟ್ಟು ಈಥರ್ ತೆಗೆದುಕೊಂಡರೂ ಅದು ಬಿಟ್‌ಕಾಯಿನ್ ಮಾರಾಟವೇ. ಯುಎಸ್‌ಡಿಟಿ ಡಾಲರ್ ಬೆಲೆಗೆ ಕಟ್ಟಿಹಾಕಿದ ಕಾಯಿನ್, ಹಾಗೆಂದು ಅದು ಡಾಲರ್ ಆಗುವುದಿಲ್ಲ, ಅದೂ ಕ್ರಿಪ್ಟೊವೇ. ಯುಎಸ್‌ಡಿಟಿಯಿಂದ ಬೇರೆ ಕಾಯಿನ್‌ಗೆ ಹೋದ ಪ್ರತಿಸಲವೂ ಒಂದು ಮಾರಾಟ, ರಿಟರ್ನ್‌ನ ವಿಡಿಎ (ವರ್ಚುವಲ್ ಡಿಜಿಟಲ್ ಆಸ್ತಿ, ಕ್ರಿಪ್ಟೊಗೆ ಕಾಯಿದೆ ಇಟ್ಟ ಹೆಸರು) ಪಟ್ಟಿಯಲ್ಲಿ ಒಂದು ಸಾಲು. ವರ್ಷವಿಡೀ ಒಂದು ರೂಪಾಯಿಯನ್ನೂ ಬ್ಯಾಂಕಿಗೆ ತರದವನ ಬಳಿಯೂ ಇನ್ನೂರು ಸಾಲು ಇರಬಹುದು.

ಮನೆಯಲ್ಲೇ ಇದ್ದು ಸ್ವಲ್ಪ ಕಾಯಿನ್ ಕೊಂಡು ಮಾರಿದ ಗೃಹಿಣಿಯರು ಇನ್ನೊಂದು ಕಡೆ ಎಡವುತ್ತಾರೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಟಿವಿಯಲ್ಲಿ ಕೇಳಿರುತ್ತಾರೆ. ಅದು 87ಎ ರಿಯಾಯಿತಿ, ಕ್ರಿಪ್ಟೊದಂಥ ವಿಶೇಷ ದರದ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ಅದು ಸಿಗುವುದಿಲ್ಲ. ಮೂಲ ವಿನಾಯಿತಿ ಮಿತಿಯೂ ಸಿಗುವುದಿಲ್ಲ. ಬೇರೆ ಆದಾಯವೇ ಇಲ್ಲದೆ ಕ್ರಿಪ್ಟೊದಲ್ಲಿ ₹40,000 ಲಾಭ ಬಂದರೆ ₹12,480 ತೆರಿಗೆ. ಅಷ್ಟೇ ಮೊತ್ತ ಬ್ಯಾಂಕ್ ಬಡ್ಡಿಯಾಗಿ ಬಂದಿದ್ದರೆ ಸೊನ್ನೆ.

ಇನ್ನು ನಷ್ಟದ ವಿಷಯ. ಪುತ್ತೂರಿನ ವ್ಯಾಪಾರಿಯೊಬ್ಬರಿಗೆ ಅಡಿಕೆಯಲ್ಲಿ ₹80,000 ಲಾಭ, ಕಾಳುಮೆಣಸಿನಲ್ಲಿ ₹1 ಲಕ್ಷ ನಷ್ಟ ಆಯಿತು ಅಂದುಕೊಳ್ಳಿ. ಎರಡೂ ಸೇರಿದರೆ ₹20,000 ನಷ್ಟ, ಆ ವ್ಯಾಪಾರಕ್ಕೆ ತೆರಿಗೆ ಇಲ್ಲ. ಅದೇ ಅಂಕಿಗಳನ್ನು ಬಿಟ್‌ಕಾಯಿನ್, ಈಥರ್‌ಗೆ ಹಾಕಿ ನೋಡಿ. ₹80,000 ಲಾಭಕ್ಕೆ ₹24,960 ತೆರಿಗೆ ಕಟ್ಟಲೇಬೇಕು, ಲಕ್ಷದ ನಷ್ಟವನ್ನು ಯಾರೂ ಕೇಳುವುದಿಲ್ಲ. ಕೈಬಿಟ್ಟ ದುಡ್ಡು ಒಟ್ಟು ₹44,960. ಮುಂದಿನ ವರ್ಷಕ್ಕೆ ನಷ್ಟವನ್ನು ಒಯ್ಯಲೂ ಆಗದು. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ, ಮೈನಿಂಗ್ (ಕಂಪ್ಯೂಟರ್ ಓಡಿಸಿ ಹೊಸ ಕಾಯಿನ್ ಪಡೆಯುವುದು) ಯಂತ್ರದ ಖರ್ಚು ಖರೀದಿ ವೆಚ್ಚ ಆಗುವುದಿಲ್ಲ ಎಂದು ಸರ್ಕಾರ 2022ರ ಮಾರ್ಚ್‌ನಲ್ಲಿ ಲೋಕಸಭೆಯಲ್ಲಿ ಉತ್ತರ ಕೊಟ್ಟಿತು. ಕಠಿಣವಾದ ಉತ್ತರ, ಆದರೂ ಉತ್ತರ. ಇನ್ನು ಮುಂದೆ ಹೇಳುವವುಗಳಿಗೆ ಅದೂ ಇಲ್ಲ.

ಮೊದಲನೆಯದು, ನೀವು ಮಾರಿದ್ದು ಯಾವ ಕಾಯಿನ್? ಇದು ವಿಚಿತ್ರವಾದ ಪ್ರಶ್ನೆ ಅನ್ನಿಸಬಹುದು. ಅಡಿಕೆ ಗೋದಾಮಿಗೆ ಹೋಗಿ ನೋಡಿ, ಹೊಸ ಅಡಿಕೆಯ ಚೀಲ ಬೇರೆ, ಹಳೆ ಅಡಿಕೆಯದ್ದು ಬೇರೆ. ಒಡೆದು ನೋಡಿದರೆ ಕಸುಬು ತಿಳಿದವರಿಗೆ ಗೊತ್ತಾಗುತ್ತದೆ, ದರವೂ ಬೇರೆ ಬೇರೆ. ಎಕ್ಸ್‌ಚೇಂಜ್, ಅಂದರೆ ಕಾಯಿನ್ ಕೊಂಡು ಮಾರುವ ಆನ್‌ಲೈನ್ ವೇದಿಕೆ, ಅಲ್ಲಿನ ಖಾತೆಯಲ್ಲಿರುವ ಬಿಟ್‌ಕಾಯಿನ್‌ನಲ್ಲಿ ಆ ಗುರುತಿಲ್ಲ. ಮೂರು ಸಲ 0.01ರಂತೆ ಕೊಂಡಿದ್ದೀರಿ, ಮೊದಲು ₹30,000ಕ್ಕೆ, ಆಮೇಲೆ ₹50,000ಕ್ಕೆ, ಕೊನೆಗೆ ₹70,000ಕ್ಕೆ. ಈಗ 0.01 ಮಾತ್ರ ₹60,000ಕ್ಕೆ ಮಾರಿದಿರಿ. ಮೊದಲು ಕೊಂಡದ್ದು ಮೊದಲು ಹೋಯಿತು ಎಂದರೆ ಲಾಭ ₹30,000, ತೆರಿಗೆ ₹9,360. ಸರಾಸರಿ ಬೆಲೆ ಹಿಡಿದರೆ ಲಾಭ ₹10,000, ತೆರಿಗೆ ₹3,120. ಕೊನೆಗೆ ಕೊಂಡದ್ದನ್ನೇ ಮಾರಿದೆ ಎಂದರೆ ₹10,000 ನಷ್ಟ, ತೆರಿಗೆ ಇಲ್ಲ. ಮಾರಾಟ ಒಂದೇ, ದಿನ ಒಂದೇ, ತೆರಿಗೆ ಮೂರು.

ಷೇರಿಗೆ ಈ ತಾಪತ್ರಯ ಇಲ್ಲ. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದು ಮೊದಲು ಹೋಯಿತು ಎಂದು 45(2ಎ) ಕಲಂ ಬರೆದೇ ಹೇಳಿದೆ. ಕ್ರಿಪ್ಟೊಗೆ ಅಂಥ ಒಂದು ವಾಕ್ಯ ಬರೆದಿಲ್ಲ. ನನ್ನ ಸಲಹೆ ಕೇಳಿದರೆ, ಷೇರಿನ ಕ್ರಮವನ್ನೇ ಹಿಡಿಯಿರಿ. ಕೆಲವೊಮ್ಮೆ ತೆರಿಗೆ ಜಾಸ್ತಿ ಬರುತ್ತದೆ, ಆದರೆ ಅಧಿಕಾರಿಯ ಮುಂದೆ ಸಮರ್ಥಿಸಲು ಸುಲಭ. ಯಾವುದೇ ಕ್ರಮ ಹಿಡಿದರೂ ವರ್ಷದಿಂದ ವರ್ಷಕ್ಕೆ ಬದಲಿಸಬೇಡಿ. ಒಂದು ವರ್ಷ ಸರಾಸರಿ, ಮರುವರ್ಷ ಕೊನೆಯದ್ದು ಮೊದಲು ಎಂದು ಮಾಡಿದರೆ ಉಳಿದ ಕಾಯಿನ್‌ಗಳ ಖರೀದಿ ಬೆಲೆಯೇ ಹೊಂದದೆ ಹೋಗುತ್ತದೆ.

ಉಡುಪಿಯಲ್ಲಿ ನಿಂತು ಪಿಗ್ಮಿ ನೆನಪಿಸಿಕೊಳ್ಳದಿದ್ದರೆ ಹೇಗೆ? 1928ರಲ್ಲಿ ಇದೇ ಊರಿನ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆ ಉಳಿಸುವ ಪಿಗ್ಮಿ ಯೋಜನೆ ಶುರುಮಾಡಿತು. ಏಜೆಂಟರು ಅಂಗಡಿ ಅಂಗಡಿಗೆ ಬಂದು ದುಡ್ಡು ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಆ ಅಭ್ಯಾಸ ನಮ್ಮ ಜನರ ರಕ್ತದಲ್ಲಿದೆ. ಅದೇ ಧೈರ್ಯದಲ್ಲಿ ಎಷ್ಟೋ ಹುಡುಗರು ಆ್ಯಪ್‌ನಲ್ಲಿ ದಿನಕ್ಕೆ ₹100ರ ಕಾಯಿನ್ ತಾನಾಗಿ ಖರೀದಿಯಾಗುವಂತೆ ಇಟ್ಟಿದ್ದಾರೆ. ಪಿಗ್ಮಿಯಲ್ಲಿ ಕೊನೆಗೆ ಬರುವುದು ಅಸಲು ಮತ್ತು ಬಡ್ಡಿ, ಎರಡೇ ಅಂಕಿ. ಇಲ್ಲಿ ವರ್ಷಕ್ಕೆ 365 ಖರೀದಿ, 365 ಬೆಲೆ. ಒಂದೇ ಏಟಿಗೆ ಮಾರಿದರೂ ವಿಡಿಎ ಪಟ್ಟಿ ಖರೀದಿಸಿದ ದಿನಾಂಕ ಕೇಳುತ್ತದೆ. ಒಟ್ಟಿನಲ್ಲಿ ಲಾಭವೇ ಆಗಿದ್ದರೂ ಅದರೊಳಗಿನ ನೂರು ಖರೀದಿ ಮಾರಿದ ಬೆಲೆಗಿಂತ ಮೇಲಿರಬಹುದು. ಅವುಗಳ ನಷ್ಟ ಸಾಲು ಸಾಲಾಗಿ ಸೊನ್ನೆಯಾಗಬೇಕೋ, ಒಂದೇ ಮಾರಾಟ ಎಂದು ಒಟ್ಟಿಗೆ ಹಿಡಿಯಬಹುದೋ? ತೆರಿಗೆಯಲ್ಲಿ ಸಾವಿರಗಟ್ಟಲೆ ವ್ಯತ್ಯಾಸ ತರುವ ಪ್ರಶ್ನೆ ಇದು. ದಿನದ ಖರೀದಿಯ ಬದಲು ತಿಂಗಳಿಗೊಮ್ಮೆ ಕೊಂಡರೆ 365 ಸಾಲು 12ಕ್ಕೆ ಇಳಿಯುತ್ತದೆ. ಹೂಡಿಕೆ ಅಷ್ಟೇ, ತಲೆನೋವು ಕಡಿಮೆ.

ಎರಡನೆಯದು ರೂಪಾಯಿ ಬೆಲೆ. ಯುಎಸ್‌ಡಿಟಿಯಲ್ಲಿ ನಡೆದ ವಹಿವಾಟನ್ನು ರೂಪಾಯಿಗೆ ಯಾವ ದರದಲ್ಲಿ ತರಬೇಕು? ವಿದೇಶಿ ಕರೆನ್ಸಿಯ ಆದಾಯಕ್ಕೆ 115ನೇ ನಿಯಮ ಎಸ್‌ಬಿಐನ ಟಿಟಿ ಖರೀದಿ ದರ (ಬ್ಯಾಂಕ್ ವಿದೇಶಿ ಕರೆನ್ಸಿ ಕೊಳ್ಳುವ ದರ) ಎಂದು ಹೇಳುತ್ತದೆ. ಯುಎಸ್‌ಡಿಟಿ ಕರೆನ್ಸಿ ಅಲ್ಲವಲ್ಲ. ಭಾರತೀಯ ಎಕ್ಸ್‌ಚೇಂಜ್‌ಗಳಲ್ಲಿ ಅದರ ಬೆಲೆ ಡಾಲರ್‌ಗಿಂತ ಕೆಲವು ರೂಪಾಯಿ ಮೇಲೆ ಓಡುವುದುಂಟು. ಕೊಂಡಾಗ ಒಂದು ದರ, ಮಾರಿದಾಗ ಇನ್ನೊಂದು ಹಾಕಿದರೆ ಇಲ್ಲದ ಲಾಭ ಹುಟ್ಟುತ್ತದೆ, ಇದ್ದ ಲಾಭ ಮಾಯವಾಗುತ್ತದೆ. ಯಾವುದಾದರೂ ಒಂದು ಭಾರತೀಯ ಎಕ್ಸ್‌ಚೇಂಜ್‌ನ ಅದೇ ಹೊತ್ತಿನ ರೂಪಾಯಿ ಬೆಲೆ ಹಿಡಿದು, ಎರಡೂ ಕಡೆ ಅದನ್ನೇ ಬಳಸಿ.

ಇದಕ್ಕೆ ಅಂಟಿಕೊಂಡೇ ಇರುವ ಸಣ್ಣ ವಿಷಯ ಸಮಯ. ವಿದೇಶಿ ವೇದಿಕೆಗಳಿಂದ ಇಳಿಸಿಕೊಂಡ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಯುಟಿಸಿ ಸಮಯ ಇರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಪಟ್ಟಿಯಲ್ಲಿ ಮಾರ್ಚ್ 31ರ ರಾತ್ರಿ 8 ಗಂಟೆ ಎಂದು ಬಿದ್ದ ಮಾರಾಟ ನಮ್ಮ ಗಡಿಯಾರದಲ್ಲಿ ಏಪ್ರಿಲ್ 1ರ ನಸುಕಿನ 1.30, ಅಂದರೆ ಮುಂದಿನ ಹಣಕಾಸು ವರ್ಷ. ಲೆಕ್ಕಕ್ಕೆ ಕೂರುವ ಮೊದಲು ಆ ಕಾಲಮ್‌ಗೆ 5.30 ಗಂಟೆ ಕೂಡಿಸಿಬಿಡಿ.

ಮೂರನೆಯದು ಶುಲ್ಕ. ಖರೀದಿ ವೆಚ್ಚ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ ಎನ್ನುತ್ತದೆ ಕಾಯಿದೆ. ಕೊಳ್ಳುವಾಗ ಎಕ್ಸ್‌ಚೇಂಜ್‌ಗೆ ಕೊಟ್ಟ ಕಮಿಷನ್, ಅದರ ಮೇಲಿನ ಶೇ 18 ಜಿಎಸ್‌ಟಿ ಖರೀದಿ ವೆಚ್ಚದ ಭಾಗವೋ, ಬೇರೆ ಖರ್ಚೋ? ಟಿಡಿಎಸ್ ಲೆಕ್ಕಕ್ಕೆ ಜಿಎಸ್‌ಟಿ ಮತ್ತು ಎಕ್ಸ್‌ಚೇಂಜ್‌ನ ಶುಲ್ಕ ಬಿಟ್ಟು ಉಳಿದ ಮೊತ್ತ ಹಿಡಿಯಿರಿ ಎಂದು ನೇರ ತೆರಿಗೆ ಮಂಡಳಿಯ 2022ರ ಸುತ್ತೋಲೆ ಹೇಳಿತು. ಲಾಭದ ಲೆಕ್ಕಕ್ಕೆ ಏನೂ ಹೇಳಲಿಲ್ಲ. ವಾಲೆಟ್, ಅಂದರೆ ಕಾಯಿನ್ ನಾವೇ ಇಟ್ಟುಕೊಳ್ಳುವ ಡಿಜಿಟಲ್ ಜೇಬು, ಅದರ ಕಥೆ ಇನ್ನೂ ಸೂಕ್ಷ್ಮ. ಎಕ್ಸ್‌ಚೇಂಜ್‌ನಿಂದ ನಿಮ್ಮದೇ ವಾಲೆಟ್‌ಗೆ 0.5 ಈಥರ್ ಕಳಿಸಿದಿರಿ, ತಲುಪಿದ್ದು 0.498. ನಿಮ್ಮದೇ ಎರಡು ಜೇಬಿನ ನಡುವಿನ ವರ್ಗಾವಣೆಗೆ ತೆರಿಗೆ ಇಲ್ಲ, ಸರಿ. ಜಾಲದ ಶುಲ್ಕವಾಗಿ ಹೋದ ಆ 0.002? ಅಕ್ಷರ ಹಿಡಿದು ಓದಿದರೆ ಅದೂ ಒಂದು ಹಸ್ತಾಂತರ.

ಹೀಗೆ ವಾಲೆಟ್‌ನಿಂದ ಇನ್ನೊಂದು ಎಕ್ಸ್‌ಚೇಂಜ್‌ಗೆ ತಂದು ಮಾರುವವರು ಗಮನಿಸಿ. ಆ ಎಕ್ಸ್‌ಚೇಂಜ್‌ಗೆ ಗೊತ್ತಿರುವುದು ತನ್ನಲ್ಲಿ ನಡೆದ ಖರೀದಿ ಮಾತ್ರ. ಅದು ಕೊಡುವ ತೆರಿಗೆ ವರದಿಯಲ್ಲಿ ನಿಮ್ಮ ಕಾಯಿನ್‌ನ ಖರೀದಿ ಬೆಲೆ ಸೊನ್ನೆ ಎಂದೋ ಖಾಲಿಯೋ ಬರುತ್ತದೆ. ಅದನ್ನೇ ನಂಬಿ ರಿಟರ್ನ್ ತುಂಬಿದರೆ ಮಾರಿದ ಇಡೀ ಮೊತ್ತಕ್ಕೆ ತೆರಿಗೆ ಬೀಳುತ್ತದೆ.

ಟಿಡಿಎಸ್‌ಗೆ ಬರುತ್ತೇನೆ. ಶೇ 1 ಸಣ್ಣದು ಎನ್ನಬೇಡಿ, ಅದು ಲಾಭದ ಮೇಲಲ್ಲ, ಮಾರಾಟದ ಮೇಲೆ. ₹1 ಲಕ್ಷ ಹಾಕಿ, ಲಾಭ ನಷ್ಟ ಎರಡೂ ಇಲ್ಲದೆ 50 ಸಲ ಕೊಂಡು ಮಾರಿದರೆ ಕೈಯಲ್ಲಿ ಉಳಿಯುವುದು ಸುಮಾರು ₹60,500. ಉಳಿದದ್ದು ಸರ್ಕಾರದ ಬಳಿ ಇರುತ್ತದೆ, ರಿಟರ್ನ್ ತುಂಬಿ ಮರುಪಾವತಿ ಬರುವವರೆಗೆ ಕಾಯಬೇಕು. ಕಾಯಿನ್‌ಗೆ ಕಾಯಿನ್ ಬದಲಿಸಿದರೆ ಇಬ್ಬರೂ ಮಾರಾಟಗಾರರೇ, ಇಬ್ಬರ ಕಡೆಯಿಂದಲೂ ಹಿಡಿಯುತ್ತಾರೆ.

ಭಾರತೀಯ ಎಕ್ಸ್‌ಚೇಂಜ್‌ನಲ್ಲಿ ಈ ಕೆಲಸ ಅವರೇ ಮಾಡುತ್ತಾರೆ. ವಿದೇಶಿ ವೇದಿಕೆಯಲ್ಲಿ ಪಿ-ಟು-ಪಿ, ಅಂದರೆ ನೇರವಾಗಿ ಇನ್ನೊಬ್ಬನಿಂದ ಕೊಂಡರೆ, ಟಿಡಿಎಸ್ ಹಿಡಿಯಬೇಕಾದವರು ಕೊಳ್ಳುವ ನೀವು. ಸಂಬಳದಾರರಿಗೆ ಮತ್ತು ಸಣ್ಣ ವ್ಯಾಪಾರಿಗಳಿಗೆ ಮಿತಿ ವರ್ಷಕ್ಕೆ ₹50,000, ಉಳಿದವರಿಗೆ ₹10,000. ಸಂಬಳದಾರರು ಮಾರುವವನ ಪ್ಯಾನ್ ತೆಗೆದುಕೊಂಡು, ಶೇ 1 ಹಿಡಿದುಕೊಂಡು, ಆ ತಿಂಗಳು ಮುಗಿದ 30 ದಿನದೊಳಗೆ 26ಕ್ಯುಇ ನಮೂನೆಯಲ್ಲಿ ಕಟ್ಟಬೇಕು. ತಡವಾದರೆ ದಿನಕ್ಕೆ ₹200 ಶುಲ್ಕ, ಮೇಲೆ ಬಡ್ಡಿ. ಮೊಬೈಲ್ ಪರದೆಯ ಆಚೆ ಇರುವ ಅಪರಿಚಿತ ತನ್ನ ಪ್ಯಾನ್ ಏಕೆ ಕೊಡುತ್ತಾನೆ ಎಂದು ನೀವು ಕೇಳಬಹುದು. ಕೊಡುವುದಿಲ್ಲ. ನಿಯಮ ಬರೆದವರು ಈ ಪ್ರಶ್ನೆಯನ್ನು ಎದುರಿಸಲೇ ಇಲ್ಲ. ಪಿ-ಟು-ಪಿಯಿಂದ ದೂರ ಇರಿ ಎನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ನಿಮಗೆ ಬಂದ ದುಡ್ಡು ಯಾರಿಗೋ ಮೋಸ ಮಾಡಿ ತಂದದ್ದಾಗಿದ್ದರೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೋದ ದೂರಿನ ಮೇಲೆ ಬೇರೆ ರಾಜ್ಯದ ಸೈಬರ್ ಪೊಲೀಸರು ನಿಮ್ಮ ಬ್ಯಾಂಕ್ ಖಾತೆಯನ್ನು ತಡೆಹಿಡಿಯಬಹುದು. ಮಾರಲೇಬೇಕಾದರೆ ವೇದಿಕೆಯಲ್ಲಿರುವ ಹೆಸರು ಮತ್ತು ದುಡ್ಡು ಬಂದ ಖಾತೆಯ ಹೆಸರು ಒಂದೇ ಇದ್ದರಷ್ಟೇ ಕಾಯಿನ್ ಬಿಡಿ.

ನಮ್ಮ ಕರಾವಳಿಯಲ್ಲಿ ಗಲ್ಫ್ ಇಲ್ಲದ ಮನೆ ಕಡಿಮೆ. ಮಗ ದುಬೈಯಿಂದ ಹಣದ ಬದಲು ತಂದೆಯ ವಾಲೆಟ್‌ಗೆ ಕಾಯಿನ್ ಕಳಿಸುತ್ತಾನೆ. ಹತ್ತಿರದ ಸಂಬಂಧಿಕರಿಂದ ಬಂದ ಉಡುಗೊರೆಗೆ ಪಡೆದವರು ತೆರಿಗೆ ಕಟ್ಟಬೇಕಿಲ್ಲ. ತಂದೆ ಮಾರುವಾಗ ಖರೀದಿ ಬೆಲೆ ಯಾವುದು? ಮಗ ಕೊಂಡ ಬೆಲೆ. ಈ ಉತ್ತರ ಕಲಂ 115ಬಿಬಿಎಚ್‌ನಲ್ಲಿ ಇಲ್ಲ, ರಿಟರ್ನ್‌ನ ವಿಡಿಎ ಪಟ್ಟಿಯ ಕಾಲಮ್ ತಲೆಬರಹದಲ್ಲಿದೆ. ಹಾಗಾಗಿ ಮಗನ ಖರೀದಿ ದಾಖಲೆ ತಂದೆಯ ಕೈಯಲ್ಲಿರಬೇಕು. ಇನ್ನೊಂದು ಸಂಗತಿ ಅಳಿಯಕಟ್ಟಿನ ನಾಡಿನವರು ತಿಳಿದಿರಬೇಕು. ಸೋದರಮಾವ ಅಳಿಯನಿಗೆ ಕಾಯಿನ್ ಕೊಟ್ಟರೆ ಅದು ಸಂಬಂಧಿಕರ ಉಡುಗೊರೆ, ತೆರಿಗೆ ಇಲ್ಲ. ಸೋದರಳಿಯ ಮಾವನಿಗೆ ಕೊಟ್ಟರೆ ಮಾವನ ಲೆಕ್ಕದಲ್ಲಿ ಅಳಿಯ ಸಂಬಂಧಿಕರ ಪಟ್ಟಿಯಲ್ಲಿಲ್ಲ. ₹50,000 ದಾಟಿದರೆ ಪೂರ್ತಿ ಮೊತ್ತ ಮಾವನ ಆದಾಯ. ಕಾಯಿದೆಯ ಸಂಬಂಧಿಕರ ಪಟ್ಟಿ ಒಂದೇ ದಿಕ್ಕಿನಲ್ಲಿ ಓಡುತ್ತದೆ.

ಗಲ್ಫ್‌ನಿಂದ ಊರಿಗೆ ಬಂದು ನೆಲೆಸಿದವರಿಗೆ ಇನ್ನೊಂದು ಸಿಕ್ಕು. ಪೂರ್ಣ ನಿವಾಸಿಗಳಾದ ಮೇಲೆ ವಿದೇಶಿ ಆಸ್ತಿಗಳನ್ನು ರಿಟರ್ನ್‌ನ ಎಫ್‌ಎ ಪಟ್ಟಿಯಲ್ಲಿ ತೋರಿಸಬೇಕು, ಅದೂ ಹಣಕಾಸು ವರ್ಷದ ಪ್ರಕಾರ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ. ವಿದೇಶಿ ಎಕ್ಸ್‌ಚೇಂಜ್‌ನಲ್ಲಿರುವ ಕಾಯಿನ್ ತೋರಿಸುವುದೇ ಕ್ಷೇಮ. ಪೆನ್‌ಡ್ರೈವ್‌ನಂಥ ಹಾರ್ಡ್‌ವೇರ್ ವಾಲೆಟ್ ಮಣಿಪಾಲದ ಮನೆಯ ಕಪಾಟಿನಲ್ಲಿದ್ದರೆ? ಸಾಧನ ಇಲ್ಲಿದೆ, ಕಾಯಿನ್‌ನ ಲೆಕ್ಕಪುಸ್ತಕ ಪ್ರಪಂಚದ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ. ಆಸ್ತಿ ಎಲ್ಲಿದೆ ಎಂದು ಕಾಯಿದೆ ಹೇಳುವುದಿಲ್ಲ. ತೋರಿಸದಿದ್ದರೆ ಕಪ್ಪುಹಣ ಕಾಯಿದೆಯಲ್ಲಿ ದಂಡ ₹10 ಲಕ್ಷ. ಸ್ಥಿರಾಸ್ತಿ ಬಿಟ್ಟು ಒಟ್ಟು ₹20 ಲಕ್ಷದವರೆಗಿನ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಆ ದಂಡದಿಂದ ವಿನಾಯಿತಿ ಸಿಕ್ಕಿದೆ, ಅದಕ್ಕಿಂತ ಮೇಲಿನವರ ಭಯ ಹಾಗೆಯೇ ಉಳಿದಿದೆ.

ಏರ್‌ಡ್ರಾಪ್ (ಪ್ರಚಾರಕ್ಕೆಂದು ಪುಕ್ಕಟೆ ಹಂಚುವ ಕಾಯಿನ್), ಸ್ಟೇಕಿಂಗ್ (ಇರುವ ಕಾಯಿನ್ ಕಟ್ಟಿಟ್ಟು ಪ್ರತಿಫಲವಾಗಿ ಕಾಯಿನ್ ಪಡೆಯುವುದು) ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪುಕ್ಕಟೆ ಬಂದ ಕಾಯಿನ್‌ಗೆ ಬಂದ ದಿನದ ಬೆಲೆಯಲ್ಲಿ ಆದಾಯ ತೋರಿಸಿ, ಮುಂದೆ ಮಾರುವಾಗ ಅದೇ ಬೆಲೆಯನ್ನು ಖರೀದಿ ವೆಚ್ಚ ಎಂದು ಹಿಡಿಯುವುದು ಹೆಚ್ಚಿನ ಸಿಎಗಳ ರೂಢಿ. ಆಸ್ತಿಗಳ ಮೌಲ್ಯ ಕಟ್ಟುವ 11ಯುಎ ನಿಯಮದಲ್ಲಿ ಚಿನ್ನಾಭರಣಕ್ಕೆ, ಷೇರಿಗೆ ಕ್ರಮ ಇದೆ, ಕ್ರಿಪ್ಟೊಗೆ ಬರೆದಿಲ್ಲ. ಸಿಕ್ಕಿದ ದಿನವೇ ಆ ಕಾಯಿನ್‌ನ ಬೆಲೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಎರಡು ವರ್ಷ ಬಿಟ್ಟು ಹುಡುಕಿದರೆ ಆ ಕಾಯಿನೇ ಇರುವುದಿಲ್ಲ.

ಕಳವಾದ ಕಾಯಿನ್‌ನ ಮಾತು ಮಾತ್ರ ಬೇಗ ಮುಗಿಸಲು ಮನಸ್ಸು ಒಪ್ಪುವುದಿಲ್ಲ. 2024ರ ಜುಲೈ 18ರಂದು ದೇಶದ ದೊಡ್ಡ ಎಕ್ಸ್‌ಚೇಂಜ್ ಒಂದರಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕಾಯಿನ್ ಕಳವಾಯಿತು. ಗ್ರಾಹಕರ ಖಾತೆಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಸ್ಥಗಿತಗೊಂಡಿದ್ದವು. ಕೊನೆಗೆ ಒಂದು ಭಾಗ ಕಾಯಿನ್ ಆಗಿ, ಉಳಿದ ಬಾಕಿಗೆ ಮುಂದೆ ತೀರಿಸುವ ಗುರುತಾಗಿ ಕೊಟ್ಟ ಟೋಕನ್ ಆಗಿ ಬಂತು. ಹೋದ ಕಾಯಿನ್ ಮಾರಾಟ ಅಲ್ಲ, ಹಾಗಾಗಿ ನಷ್ಟ ಎಂದು ತೋರಿಸಲು ಜಾಗವಿಲ್ಲ. ತೋರಿಸಿದರೂ ಕಳೆಯುವಂತಿಲ್ಲ. ಹಾಗಾದರೆ ಉಳಿದು ಬಂದ ಕಾಯಿನ್‌ಗೆ ಮೊದಲಿನ ಪೂರ್ತಿ ಖರೀದಿ ವೆಚ್ಚ ಹಂಚಬಹುದೇ? ಬಾಕಿಯ ಟೋಕನ್‌ಗೆ ಖರೀದಿ ಬೆಲೆ ಎಷ್ಟು? ಸಾಲ ಮಾಡಿ, ಒಡವೆ ಇಟ್ಟು ಹಾಕಿದವರೂ ಅದರಲ್ಲಿದ್ದರು. ಕಳೆದುಕೊಂಡವರಿಗೆ ಒಂದು ಪುಟದ ವಿವರಣೆ ಕೊಡುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ.

ಅಲ್ಲಿಯವರೆಗೆ ನೀವು ಏನು ಮಾಡಬಹುದು? ನಮ್ಮ ಹಳೆಯ ಅಂಗಡಿಗಳಲ್ಲಿ ಕಿರ್ದಿ ಪುಸ್ತಕ ಇರುತ್ತಿತ್ತು, ಅಂದಂದಿನ ವ್ಯವಹಾರ ಅಂದಂದೇ ಬರೆಯುವುದು. ಅದನ್ನೇ ಎಕ್ಸೆಲ್‌ನಲ್ಲಿ ಮಾಡಿ. ದಿನಾಂಕ ಮತ್ತು ಭಾರತೀಯ ಸಮಯ, ಕೊಟ್ಟ ಕಾಯಿನ್, ಪಡೆದ ಕಾಯಿನ್, ಪ್ರಮಾಣ ಎಂಟು ದಶಾಂಶದವರೆಗೆ, ರೂಪಾಯಿ ಬೆಲೆ, ಬೆಲೆ ತೆಗೆದ ಮೂಲ, ಶುಲ್ಕ, ಟಿಡಿಎಸ್, ವಹಿವಾಟಿನ ಗುರುತು ಸಂಖ್ಯೆ. ಎಕ್ಸ್‌ಚೇಂಜ್‌ನ ಪಟ್ಟಿಗಳನ್ನು ಮೂರು ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳಿ, ವೇದಿಕೆ ಮುಚ್ಚಿದರೆ ದಾಖಲೆಯೂ ಹೋಗುತ್ತದೆ. ರಿಟರ್ನ್‌ಗೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಅಥವಾ ವ್ಯಾಪಾರವಾಗಿ ಮಾಡುವವರಿಗೆ ಐಟಿಆರ್-3. ತುಂಬುವ ಮೊದಲು ಎಐಎಸ್ ಮತ್ತು 26ಎಎಸ್ (ನಿಮ್ಮ ವಹಿವಾಟು, ಟಿಡಿಎಸ್ ಬಗ್ಗೆ ಇಲಾಖೆಯ ಬಳಿ ಇರುವ ಪಟ್ಟಿಗಳು) ತೆಗೆದು 194ಎಸ್ ಸಾಲುಗಳ ಮಾರಾಟ ಮೊತ್ತವನ್ನು ನಿಮ್ಮ ಕಿರ್ದಿಗೆ ತಾಳೆ ಹಾಕಿ. ಟಿಡಿಎಸ್ ಮರಳಿ ಕೇಳಿ, ಅದರ ಮಾರಾಟವನ್ನು ವಿಡಿಎ ಪಟ್ಟಿಯಲ್ಲಿ ತೋರಿಸದೆ ಹೋದರೆ ಬೆಂಗಳೂರಿನ ಸಂಸ್ಕರಣಾ ಕೇಂದ್ರದಿಂದ ಪತ್ರ ಬರುವುದು ಬಹುತೇಕ ಖಂಡಿತ. ಹಿಂದಿನ ವರ್ಷ ಬಿಟ್ಟುಹೋಗಿದ್ದರೆ ಅಪ್‌ಡೇಟೆಡ್ ರಿಟರ್ನ್ ಐಟಿಆರ್-ಯು ಇದೆ, ಮೌಲ್ಯಮಾಪನ ವರ್ಷ ಮುಗಿದು 48 ತಿಂಗಳವರೆಗೆ ಅವಕಾಶ, ತಡವಾದಷ್ಟೂ ಹೆಚ್ಚುವರಿ ತೆರಿಗೆ ಶೇ 25ರಿಂದ 70ರವರೆಗೆ ಏರುತ್ತದೆ. ಮುಚ್ಚಿಟ್ಟರೆ ಆಯಿತು ಎಂಬ ಯೋಚನೆ ಬೇಡ. 2027ರಿಂದ ದೇಶಗಳು ಕ್ರಿಪ್ಟೊ ಖಾತೆಗಳ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆಗೆ ಭಾರತವೂ ಸೇರುತ್ತಿದೆ.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಹಾಳೆಯಲ್ಲಿ ನೀವು ಹಿಡಿದ ಕ್ರಮವನ್ನು ಬರೆದು ದಿನಾಂಕ ಹಾಕಿ ಸಹಿ ಮಾಡಿ ಫೈಲ್‌ನಲ್ಲಿಡಿ. ಯಾವ ಕಾಯಿನ್ ಮೊದಲು ಮಾರಿದ್ದು ಎಂದು ಹಿಡಿದೆ, ಯಾವ ದರದಲ್ಲಿ ರೂಪಾಯಿಗೆ ತಂದೆ, ಶುಲ್ಕವನ್ನು ಏನು ಮಾಡಿದೆ, ಏಕೆ. ನಾಲ್ಕು ವರ್ಷದ ನಂತರ ಅಧಿಕಾರಿ ಕೇಳಿದಾಗ, ತೆರಿಗೆ ತಪ್ಪಿಸಲು ಮಾಡಿದ್ದಲ್ಲ, ನಿಯಮ ಇಲ್ಲದ ಕಡೆ ಯೋಚಿಸಿ ಮಾಡಿದ್ದು ಎಂದು ತೋರಿಸಲು ನಿಮ್ಮ ಬಳಿ ಇರುವುದು ಆ ಹಾಳೆ ಮಾತ್ರ.

ಸರ್ಕಾರಕ್ಕೆ ವಿವರಣೆ ಕೊಡಲು ಆಗುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. 2022ರ ಜೂನ್ 22ರಂದು ಒಂದು, 28ರಂದು ಇನ್ನೊಂದು, ಹೀಗೆ ಒಂದು ವಾರದೊಳಗೆ ಟಿಡಿಎಸ್ ಬಗ್ಗೆ ಪ್ರಶ್ನೋತ್ತರ ರೂಪದ ಎರಡು ಸುತ್ತೋಲೆ ಬಂದವು. ಜೂನ್ 30ಕ್ಕೆ ಗಿಫ್ಟ್ ಕಾರ್ಡ್, ರಿವಾರ್ಡ್ ಪಾಯಿಂಟ್‌ಗಳನ್ನು ಹೊರಗಿಟ್ಟ ಅಧಿಸೂಚನೆಯೂ ಬಂತು. ತೆರಿಗೆ ಹಿಡಿಯುವವರ ಸಂದೇಹಕ್ಕೆ ಅಷ್ಟು ಬೇಗ ಉತ್ತರ ಬರೆದವರು ತೆರಿಗೆ ಕಟ್ಟುವವರ ಸಂದೇಹಕ್ಕೂ ಬರೆಯಬಹುದು. ಬಜೆಟ್‌ಗೆ ಮೊದಲು ಹಣಕಾಸು ಸಚಿವಾಲಯ ಮೈಗವ್ ತಾಣದಲ್ಲಿ ಸಲಹೆ ಕೇಳುತ್ತದೆ. ಅಲ್ಲಿ ದರ ಇಳಿಸಿ ಎಂದಷ್ಟೇ ಬರೆದು ಬಿಡಬೇಡಿ. 0.01ರ ಮೂರು ಖರೀದಿ, ಒಂದು ಮಾರಾಟ, ಮೂರು ತೆರಿಗೆ, ಇವುಗಳಲ್ಲಿ ಯಾವುದು ಸರಿ ಎಂದು ನಿಮ್ಮದೇ ಅಂಕಿ ಹಾಕಿ ಕೇಳಿ, ನಮ್ಮ ಸಂಸದರಿಗೂ ಒಂದು ಪ್ರತಿ ಕಳಿಸಿ. 2022ರ ಮಾರ್ಚ್‌ನ ಆ ಉತ್ತರ ಬಂದದ್ದು ಲೋಕಸಭೆಯಲ್ಲಿ ಒಬ್ಬ ಸದಸ್ಯರು ಲಿಖಿತವಾಗಿ ಕೇಳಿದ್ದರಿಂದ.